ಗಂಗೋತ್ರಿಯಲ್ಲಿ ಇಳಿಯದವರು

ಹುಣಸೂರು, ಪಿರಿಯಾಪಟ್ಟಣಗಳಿಂದ ಮೈಸೂರಿಗೆ ಬರುವ ಬಸ್ಸು ನಗರದೊಳಗೆ ಹೊಗುವಾಗ ಮಾನಸಗಂಗೋತ್ರಿಯ ಸಮೀಪದಲ್ಲಿ ಹಾದು ಹೋಗುತ್ತದೆ. ಹೆಗಲಿಗೆ ಪುಸ್ತಕದ ಚೀಲವನ್ನು ತೂಗುಹಾಕಿಕೊಂಡ ಹುಡುಗರೂ ಹುಡುಗಿಯರೂ ಅಲ್ಲಿ ಇಳಿಯುತ್ತಾರೆ. ಕಿಟಕಿಯ ಪಕ್ಕದಲ್ಲಿ ಕುಳಿತ ಮುದುಕರು ಇಳಿಯುವುದಿಲ್ಲ. ಅವರಿಗೆ ಕೆಲಸವಿರುವುದು ದೊಡ್ಡಾಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಇಲ್ಲವೆ ಮಗಳ ಮನೆಯಲ್ಲಿ. ಐವತ್ತು ವರ್ಷಕಾಲ ಆ ದಾರಿಯಲ್ಲಿ ಓಡಾಡಿಯೂ ಒಂದು ದಿನವಾದರೂ ಅಲ್ಲಿ ಇಳಿಯದವರು ಎಷ್ಟೋ ಮಂದಿ ಇರಬಹುದು. ಇಳಿಯಕೂಡದೆಂದು ಅವರಿಗೆ ಯಾರೂ ಹೇಳಿದ್ದಿಲ್ಲ. ಇಳಿಯಿರೆಂದು ಕರೆದವರೂ ಇಲ್ಲ.

ಅಂಥ ಹಿರಿಯರೊಬ್ಬರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ವಯಸ್ಸು ಎಪ್ಪತ್ತೈದನ್ನು ಮೀರಿದೆ. ಹುಣಸೂರಿನ ಕಡೆ ಎರಡೆಕರೆ ಹೊಲ. ಅದರಲ್ಲಿ ಒಂದಷ್ಟು ರಾಗಿ, ಒಂದಷ್ಟು ಹೊಗೆಸೊಪ್ಪು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಬೆಂಕಿಯ ಹದವನ್ನು ಕಾದು ಸವೆದ ಕೈ ಅವರದು. ಈಗ ಪಡಿತರದ ಅಂಗಡಿಯಲ್ಲಿ ಆ ಕೈಯ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಬೇಕು. ಗೆರೆಗಳು ಅಳಿಸಿಹೋಗಿರುವುದರಿಂದ ಯಂತ್ರ ಒಪ್ಪುವುದಿಲ್ಲ. “ಯಜಮಾನರೆ, ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತಿ” ಎನ್ನುತ್ತಾನೆ ಅಂಗಡಿಯವನು. ಹಿಂದಿನ ಸಾಲಿನವರು ಗೊಣಗುತ್ತಾರೆ. ಸಂಧ್ಯಾ ಸುರಕ್ಷಾ ವೇತನ ಬಂದಿತೋ ಇಲ್ಲವೋ ಎಂಬುದು ಮೊಬೈಲಿನ ಸಂದೇಶದಲ್ಲಿರುತ್ತದೆ. ಅದನ್ನು ಓದಲು ಮೊಮ್ಮಗ ಬೇಕು. ಬ್ಯಾಂಕಿನವರೆಂದು ಹೇಳಿಕೊಂಡು ಗುಪ್ತಸಂಖ್ಯೆಯನ್ನು ಕೇಳುವ ದನಿ ವಂಚಕನದೆಂದು ತಿಳಿಯುವ ಹೊತ್ತಿಗೆ ಹಣ ಹೋಗಿರುತ್ತದೆ.

ಒಂದು ಕಾಲದಲ್ಲಿ ಹೆಬ್ಬೆಟ್ಟೆಂದರೆ ನಾಚಿಕೆಯ ಗುರುತಾಗಿತ್ತು. ಹೆಬ್ಬೆಟ್ಟನ್ನು ಬಿಡಿಸಿ ರುಜು ಕಲಿಸಬೇಕೆಂದು ಎಷ್ಟೋ ಮಂದಿ ಲಾಂದ್ರದ ಬೆಳಕಿನಲ್ಲಿ ರಾತ್ರಿಶಾಲೆಗಳನ್ನು ನಡೆಸಿದರು. ಈ ಹಿರಿಯರೂ ಹಾಗೆ ರುಜು ಕಲಿತವರೇ. ಕಷ್ಟಪಟ್ಟು ಕಲಿತ ರುಜುವನ್ನು ಈಗ ಪಡಿತರದ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದು ಮತ್ತೆ ಹೆಬ್ಬೆಟ್ಟನ್ನೇ! ಒಮ್ಮೆ ಕಲಿತರೆ ಮುಗಿಯಿತೆಂಬ ಮಾತು ಎಷ್ಟು ಪೊಳ್ಳೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಲೋಕವು ತನ್ನ ಲಿಪಿಯನ್ನು ಬದಲಾಯಿಸುತ್ತಲೇ ಇರುತ್ತದೆ. ಅದರೊಡನೆ ಕಲಿಯುತ್ತ ಹೋಗದವನು, ಅಕ್ಷರ ಬಲ್ಲವನಾದರೂ, ಮತ್ತೆ ನಿರಕ್ಷರಿಯಾಗುತ್ತಾನೆ.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಈ ವಿಷಯ ಹೊಸದಲ್ಲ. 1916ರಲ್ಲಿ ಸ್ಥಾಪಿತವಾದ ಆ ಸಂಸ್ಥೆ 1930ರ ದಶಕದಲ್ಲಿಯೇ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಅಧ್ಯಾಪಕರು ಊರೂರಿಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದ ಜನರ ಮುಂದೆ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಿದರು; ಆ ಉಪನ್ಯಾಸಗಳು ಅಲ್ಪ ಬೆಲೆಯ ಪುಸ್ತಕಗಳಾದುವು. 1940ರ ಸುಮಾರಿಗೆ ಮೈಸೂರಿನ ವಿದ್ಯಾರ್ಥಿಗಳು ಕೈಗೊಂಡ ಅಕ್ಷರಪ್ರಚಾರವು ಬೆಳೆದು ವಯಸ್ಕರ ಶಿಕ್ಷಣ ಸಮಿತಿಯಾಯಿತು. ಆ ಸಮಿತಿ 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. ಹಳ್ಳಿಯ ತರುಣರು ಪರೀಕ್ಷೆಯ ಭಯವಿಲ್ಲದೆ ಒಟ್ಟಿಗೆ ವಾಸಿಸಿ ಕಲಿಯುವ ಈ ಪದ್ಧತಿಗೆ, 1844ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಜನತಾ ಶಾಲೆಗಳೇ ಮಾದರಿ. ಮುಂದೆ 1969ರಲ್ಲಿ ಅಂಚೆಯ ಮೂಲಕ ಶಿಕ್ಷಣ ಬಂದಿತು. 1996ರಲ್ಲಿ ಅದೇ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನೌಕರಿ ಮುಗಿಸಿದ ಮೇಲೆ ಪದವಿ ಪಡೆಯಬೇಕೆನ್ನುವವರಿಗೆ ಅಲ್ಲಿ ದಾರಿಯುಂಟು.

ಆದರೆ ಬಸ್ಸಿನ ಕಿಟಕಿಯ ಬಳಿಯ ಹಿರಿಯರಿಗೆ ಪದವಿ ಬೇಕಿಲ್ಲ. ತಮಗೆ ಬಂದ ಸಂದೇಶವನ್ನು ತಾವೇ ಓದಬೇಕು; ಪಹಣಿಯಲ್ಲಿ ಏನಿದೆಯೆಂದು ತಿಳಿಯಬೇಕು; ಸಕ್ಕರೆ ಕಾಯಿಲೆ ಎಂದರೇನೆಂದು ಅರಿಯಬೇಕು; ಆಯುಸ್ಸು ಉಳಿದಿದ್ದರೆ ನಕ್ಷತ್ರಗಳ ವಿಷಯವನ್ನೂ ಒಂದಿಷ್ಟು ಕೇಳಬೇಕು. ಇಂಥವರಿಗಾಗಿ ಫ್ರಾನ್ಸ್ ದೇಶದ ತೂಲೂಸ್ ವಿಶ್ವವಿದ್ಯಾನಿಲಯ 1973ರಲ್ಲಿ ಮೂರನೆಯ ವಯಸ್ಸಿನವರ ವಿಶ್ವವಿದ್ಯಾಲಯವನ್ನು ಆರಂಭಿಸಿತು. 1981ರಲ್ಲಿ ಕೇಂಬ್ರಿಜ್ಜಿನಲ್ಲಿ ಅದು ಬೇರೊಂದು ರೂಪ ತಳೆಯಿತು: ಅಲ್ಲಿ ಮುದುಕರೇ ಮುದುಕರಿಗೆ ಗುರುಗಳು. ಒಬ್ಬರು ಬಲ್ಲುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು, ತಾವರಿಯದುದನ್ನು ಇನ್ನೊಬ್ಬರಿಂದ ಕಲಿಯುವರು.

ಈ ಎರಡನೆಯ ರೀತಿ ಕನ್ನಡನಾಡಿನ ಹಿರಿಯರಿಗೆ ಚೆನ್ನಾಗಿ ಹೊಂದುವುದು. ಏಕೆಂದರೆ ಅವರು ಬರಿಗೈಯಲ್ಲಿ ಬರುವವರಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಹಳ್ಳಿಯ ಮನೆಗಳಲ್ಲಿದ್ದ ಎಷ್ಟೋ ವಸ್ತುಗಳು ಅಲ್ಲಿ ಗೌರವದ ಸ್ಥಾನವನ್ನು ಪಡೆದಿವೆ. ವಸ್ತುಗಳು ವಿದ್ಯಾಲಯದೊಳಗೆ ಹೋದುವು. ಅವನ್ನು ಹಿಡಿದು ದುಡಿದವರು ಬಸ್ಸಿನಲ್ಲಿಯೇ ಉಳಿದರು. ಕೃಷ್ಣರಾಜನಗರದ ಗದ್ದೆಯ ರೈತರಿಗೆ ಚಾಮರಾಜ ನಾಲೆಯ ನೀರಿನ ಸರದಿಯ ಇತಿಹಾಸ ಗೊತ್ತು. ಹೆಗ್ಗಡದೇವನಕೋಟೆಯ ಮುದುಕಿಯರಿಗೆ, 1974ರಲ್ಲಿ ಮುಗಿದ ಕಬಿನಿಯ ಕಟ್ಟೆಯ ಹಿಂದೆ ಮುಳುಗಿದ ಊರುಗಳ ಓಣಿಗಳು ನೆನಪಿವೆ. ಜೇನುಕುರುಬರ ಹಿರಿಯರಿಗೆ ಯಾವ ಮರದ ಹೂವಿಗೆ ಯಾವ ಜೇನು ಎಂಬುದು ತಿಳಿದಿದೆ. ಇದನ್ನೆಲ್ಲ ಕೇಳಿ ಬರೆದುಕೊಳ್ಳುವ ವಿದ್ಯಾರ್ಥಿ ಎದುರಿಗೆ ಕುಳಿತರೆ ಕಮ್ಮಟದಲ್ಲಿ ಗುರು ಯಾರು, ಶಿಷ್ಯ ಯಾರು?

ಮುಪ್ಪಿನಲ್ಲಿ ಓದೇಕೆ ಎನ್ನುವವರುಂಟು. ಮೊಮ್ಮಗನೇ ಎಲ್ಲವನ್ನೂ ಓದಿ ಹೇಳುವಾಗ ತಾತನಿಗೆ ಆ ಶ್ರಮವೇಕೆ ಎನ್ನುವರು. ಮೊಮ್ಮಗ ಒಳ್ಳೆಯವನೇ, ಆದರೆ ಅವನು ಓದಿ ಹೇಳಿದಷ್ಟೇ ತಾತನ ಲೋಕವಾಗುತ್ತದೆ. ತನ್ನ ಹೆಸರಿಗೆ ಬಂದ ಮಾತನ್ನು ಎಪ್ಪತ್ತೈದು ವರ್ಷದ ಮನುಷ್ಯ ಇನ್ನೊಬ್ಬರ ಬಾಯಿಂದ ಕೇಳಬೇಕಾದುದು ಸಣ್ಣ ಸಂಕಟವಲ್ಲ. ಅವರು ಅದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಆಗಬೇಕಾದುದು ದೊಡ್ಡದೇನೂ ಅಲ್ಲ. ರಜಾಕಾಲದಲ್ಲಿ ತರಗತಿಯ ಕೋಣೆಗಳು ಬರಿದಾಗಿರುತ್ತವೆ. ಅಲ್ಲಿ ತಿಂಗಳಿಗೆ ಎರಡು ದಿನದ ಕಮ್ಮಟ, ದಪ್ಪಕ್ಷರದ ಪಾಠ, ಮಧ್ಯಾಹ್ನ ಒಂದು ಊಟ, ಮೊಬೈಲನ್ನು ತಾಳ್ಮೆಯಿಂದ ತೋರಿಸಿಕೊಡುವ ಹತ್ತು ವಿದ್ಯಾರ್ಥಿಗಳು. ಪಿರಿಯಾಪಟ್ಟಣ ಮೈಸೂರಿಗೆ ಸುಮಾರು 70 ಕಿಲೋಮೀಟರ್ ದೂರ. ಕೋಟೆಯ ಕಾಡಂಚಿನ ಹಾಡಿಗಳಿಂದ ಬರುವುದು ಇನ್ನೂ ಕಷ್ಟ. ಅಷ್ಟು ದೂರ ಬರಲಾರದವರ ಬಳಿಗೆ ವಿದ್ಯಾಲಯವೇ ಹೋಗಲಿ. ಬಸ್ಸು ವಿರಳವಾಗಿದ್ದ ಕಾಲದಲ್ಲಿ ಅದರ ಅಧ್ಯಾಪಕರು ಹೋಗಿದ್ದರಲ್ಲವೆ?

ನಾಳೆ ಕಂಡಕ್ಟರು “ಗಂಗೋತ್ರಿ ಇಳಿಯೋರು ಬನ್ನಿ” ಎಂದು ಕೂಗಿದಾಗ, ಕಿಟಕಿಯ ಪಕ್ಕದ ಹಿರಿಯರು ಕೋಲನ್ನು ಊರಿ ಎದ್ದು ನಿಂತಾರು. ಹುಡುಗರು ಸರಿದು ದಾರಿ ಬಿಡಬೇಕಾದೀತು.