ಆಟವೂ ದಾಸೋಹವಾಗಬಲ್ಲದೆ?

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದಲ್ಲಿ ಪವಡಿಸಿರುವ ಅನಂತಶಯನ ಮೂರ್ತಿಯ ಬಗೆಗೆ ಒಂದು ಐತಿಹ್ಯವುಂಟು. ಕೃಷ್ಣದೇವರಾಯನು ಹೊಸಪೇಟೆಯ ಸಮೀಪ 1524ರಲ್ಲಿ ಅನಂತಶಯನಗುಡಿಯನ್ನು ಕಟ್ಟಿಸಿ, ಹೊಳಲಿನ ಮೂರ್ತಿಯನ್ನು ಅಲ್ಲಿಗೆ ಬಿಜಯಮಾಡಿಸಬೇಕೆಂದು ಬಯಸಿದನಂತೆ. ನೀನು ಮುಂದೆ ನಡೆ, ನಾನು ಹಿಂದೆ ಬರುವೆನು, ಆದರೆ ತಿರುಗಿ ನೋಡಲಾಗದು ಎಂದು ದೇವರು ನಿಬಂಧನೆ ಹಾಕಿದನಂತೆ. ಅರಸನು ತಾಳಲಾರದೆ ತಿರುಗಿ ನೋಡಿದನು; ದೇವರು ಹೊಳಲಿನಲ್ಲಿಯೇ ಉಳಿದನು. ಐತಿಹ್ಯದ ನಿಜಾನಿಜ ಹೇಗಾದರೂ ಇರಲಿ, ಅದರ ಒಳದನಿ ಸ್ಪಷ್ಟವಾಗಿದೆ: ಕಣ್ಣಿಗೆ ಕಾಣದುದನ್ನು ನಂಬಿ ನಡೆಯುವುದು ಅರಸನಿಗೂ ಕಠಿಣ.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವುಂಟು. ಹೊಳಲಾಗಲಿ, ಮೈಲಾರವಾಗಲಿ, ಹಡಗಲಿಯಾಗಲಿ, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂಡುವ ತರುಣರ ಕೈಯಲ್ಲಿ ಇಂದು ಮೊಬೈಲ್ ಇದೆ; ಅದರಲ್ಲಿ ಆಟವಿದೆ. ಎದುರಾಳಿ ಯಾರೆಂಬುದು ಕಾಣದು, ಅವನ ಕೈ ಕಾಣದು. ಹಿರಿಯರು ಇದನ್ನು ಕಾಲಹರಣವೆಂದು ಗದರುವರು. ಗದರಿಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದೇ ಆಟವನ್ನು ನೇರಪ್ರಸಾರ ಮಾಡಿ, ನೋಡುಗರಿಂದ ಕಾಣಿಕೆ ಪಡೆದು, ಹಸಿದವರಿಗೆ ಅನ್ನವನ್ನೂ ರೋಗಿಗೆ ಮದ್ದನ್ನೂ ಒದಗಿಸುವ ಪರಿಪಾಟವೊಂದು ಲೋಕದಲ್ಲಿ ಬೆಳೆದಿದೆ ಎಂಬುದನ್ನು ಹಲವರು ಅರಿಯರು.

ಕೆನಡಾ ದೇಶದ ವಿಕ್ಟೋರಿಯಾ ನಗರದ ಹಾಸ್ಯ ಕಲಾವಿದರ ತಂಡವೊಂದು 2007ರಲ್ಲಿ ‘ಡೆಸರ್ಟ್ ಬಸ್’ ಎಂಬ ಆಟವನ್ನು ಇದಕ್ಕಾಗಿ ಆರಿಸಿಕೊಂಡಿತು. ಮರುಭೂಮಿಯ ನೆಟ್ಟಗಿನ ದಾರಿಯಲ್ಲಿ ಎಂಟು ಗಂಟೆ ಖಾಲಿ ಬಸ್ಸನ್ನು ಓಡಿಸುವುದು, ಇಷ್ಟೇ ಆ ಆಟ. ಬಸ್ಸು ಸದಾ ತುಸು ಬಲಕ್ಕೆ ವಾಲುವುದರಿಂದ ಕೈ ಬಿಟ್ಟು ಏಳುವಂತಿಲ್ಲ. ಗುರಿ ತಲುಪಿದರೆ ದೊರೆಯುವುದು ಒಂದೇ ಒಂದು ಅಂಕ. ಕಾಣಿಕೆ ಬಂದಷ್ಟೂ ಆಟದ ಅವಧಿ ಬೆಳೆಯುವುದು; ಪ್ರತಿ ಗಂಟೆಯ ಬೆಲೆ ಹಿಂದಿನದಕ್ಕಿಂತ ಶೇ. 7ರಷ್ಟು ಹೆಚ್ಚು. ಇಂಥ ನೀರಸವಾದ ಕಾಯಕದಿಂದಲೇ ಆಸ್ಪತ್ರೆಯ ಮಕ್ಕಳಿಗಾಗಿ ಮೊದಲ ವರ್ಷ 20,000 ಡಾಲರಿಗೂ ಮಿಕ್ಕಿ ಹಣ ಕೂಡಿತು.

ಅಮೆರಿಕೆಯಲ್ಲಿ 2010ರ ಜನವರಿಯಲ್ಲಿ ಅತಿ ಶೀಘ್ರವಾಗಿ ಆಟ ಮುಗಿಸುವವರ ಕೂಟವೊಂದು ನಡೆಯಿತು. ಗೊತ್ತುಪಡಿಸಿದ್ದ ಸ್ಥಳದಲ್ಲಿ ಅಂತರ್ಜಾಲ ಸಂಪರ್ಕ ಸರಿಯಿಲ್ಲದೆ, ಸಂಘಟಕನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಆಡಿದರು. ಅಂದು ಕೂಡಿದ್ದು 10,000 ಡಾಲರಿಗೆ ತುಸು ಹೆಚ್ಚು. ‘ಗೇಮ್ಸ್ ಡನ್ ಕ್ವಿಕ್’ ಎಂಬ ಹೆಸರಿನಲ್ಲಿ ಬೆಳೆದ ಆ ಕೂಟ ಮುಂದೆ ಕ್ಯಾನ್ಸರ್ ತಡೆಯ ಕಾರ್ಯಕ್ಕೂ ಗಡಿಯಿಲ್ಲದ ವೈದ್ಯರ ಸಂಸ್ಥೆಗೂ ಲಕ್ಷಾಂತರ ಡಾಲರುಗಳನ್ನು ಅರ್ಪಿಸಿತು. ಅಲ್ಲಿ ಆಡುವ ‘ಸೂಪರ್ ಮೆಟ್ರಾಯ್ಡ್’ ಎಂಬ ಆಟದ ಕೊನೆಗೆ ಕೆಲವು ಪ್ರಾಣಿಗಳನ್ನು ಉಳಿಸುವ ಅವಕಾಶವುಂಟು. ಉಳಿಸಿದರೆ ಕೆಲವು ಕ್ಷಣಗಳು ನಷ್ಟವಾಗುವುವು. ಉಳಿಸಬೇಕೋ ಬೇಡವೋ ಎಂಬುದನ್ನು ದಾನಿಗಳು ತಮ್ಮ ಕಾಣಿಕೆಯಿಂದಲೇ ನಿರ್ಣಯಿಸುವರು. ದಯೆಗೆ ಕಾಲವನ್ನು ತೆರಬೇಕಾಗುತ್ತದೆ ಎಂಬ ಪಾಠ ಆಟದೊಳಗೂ ಇದೆ.

ನಮ್ಮ ನಾಡಿಗೆ ಸಮೀಪದ ಉದಾಹರಣೆಯೂ ಉಂಟು. ಕೋವಿಡ್ ಪಿಡುಗಿನ 2021ನೆಯ ವರ್ಷ ಜೂನ್ 13ರಂದು ವಿಶ್ವನಾಥನ್ ಆನಂದ್ ಅವರು ಅಂತರ್ಜಾಲದಲ್ಲಿ ಹಲವು ಗಣ್ಯರೊಡನೆ ಚದುರಂಗವಾಡಿದರು. ಅದು ನೇರಪ್ರಸಾರವಾಯಿತು. ಬಂದ ಕಾಣಿಕೆ ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ; 2000ರಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳ ಊಟದಿಂದ ಆರಂಭವಾದ ಸಂಸ್ಥೆಯದು. ಕನ್ನಡದ ನಟ ಸುದೀಪ್, ಹಿಂದಿಯ ಆಮೀರ್ ಖಾನ್, ಕ್ರಿಕೆಟಿಗ ಯಜುವೇಂದ್ರ ಚಹಾಲ್ ಮೊದಲಾದವರು ಆಡಿದರು. ಐದು ಬಾರಿಯ ವಿಶ್ವ ಚಾಂಪಿಯನ್ನರೆದುರು ಸೋಲುವುದರಲ್ಲಿ ಅವಮಾನವೇನೂ ಇರಲಿಲ್ಲ.

ಆದರೆ ಬೆಂಗಳೂರಿನ ಯುವ ಉದ್ಯಮಿಯೊಬ್ಬರು ಆನಂದರನ್ನು ಸೋಲಿಸಿಬಿಟ್ಟರು. ನೋಡುಗರಿಗೆ ಸಂದೇಹ ಬಂದಿತು. ಮರುದಿನ ಅವರೇ, ತಮಗೆ ಬೇರೆಯವರ ಮತ್ತು ಗಣಕಯಂತ್ರದ ನೆರವಿತ್ತೆಂದು ಒಪ್ಪಿ, ಇದೆಲ್ಲ ವಿನೋದಕ್ಕೂ ದಾನಕ್ಕೂ ನಡೆದದ್ದೆಂದು ಹೇಳಿ ಕ್ಷಮೆ ಕೋರಿದರು. ತಾವು ಹಲಗೆಯ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದುದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದುದಾಗಿಯೂ ಆನಂದ್ ಹೇಳಿದರು, ಹೆಚ್ಚಿನ ಮಾತಾಡಲಿಲ್ಲ. ತಪ್ಪೊಪ್ಪಿಕೊಂಡವರ ಹೆಸರು ಇಲ್ಲಿ ಮುಖ್ಯವಲ್ಲ. ಅವರು ಕೊಟ್ಟ ಸಮಾಧಾನ ಮುಖ್ಯ. ದಾನಕ್ಕಾಗಿ ತಾನೆ, ಆಟ ಹೇಗಿದ್ದರೇನು ಎಂಬ ಈ ಭಾವ ಒಬ್ಬರದಲ್ಲ. ನಮ್ಮೆಲ್ಲರ ಮನದ ಮೂಲೆಯಲ್ಲಿ ಅವಿತಿರುವಂಥದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಶರಣ ದಂಪತಿಗಳ ಕಥೆ ಈ ಭಾವಕ್ಕೆ ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ನೀಡಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರಬೇಕೆಂದು ಲಕ್ಕಮ್ಮನವರು ಹೇಳಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಹೆಚ್ಚಿನ ಅಕ್ಕಿಯೂ ಜಂಗಮರ ಅನ್ನವೇ ಆಗುತ್ತಿತ್ತು. ಯಾರ ಸ್ವಾರ್ಥಕ್ಕೂ ಹೋಗುತ್ತಿರಲಿಲ್ಲ. ಆದರೂ ಆ ತಾಯಿ ಒಪ್ಪಲಿಲ್ಲ. ದಾಸೋಹವು ಕಾಯಕದ ಕೊಳೆಯನ್ನು ತೊಳೆಯುವ ನೀರಲ್ಲ. ಕಾಯಕ ಶುದ್ಧವಾಗಿದ್ದರೆ ಮಾತ್ರ ದಾಸೋಹ ದಾಸೋಹವಾಗುತ್ತದೆ.

ಆದುದರಿಂದ ಹೊಳಲಿನಂಥ ಊರಿನ ತರುಣರು ಶಾಲೆಯ ಮಕ್ಕಳಿಗೆಂದೋ ರೋಗಿಯೊಬ್ಬರಿಗೆಂದೋ ಇಂಥ ನೇರಪ್ರಸಾರ ಏರ್ಪಡಿಸುವುದಾದರೆ ಮೊದಲು ಸಿದ್ಧಪಡಿಸಬೇಕಾದುದು ಕ್ಯಾಮೆರಾ ಅಲ್ಲ, ನಂಬಿಕೆ. ಹಣ ಯಾರಿಗೆ, ಯಾವುದಕ್ಕೆ ಎಂಬುದನ್ನು ಮೊದಲೇ ಸಾರಬೇಕು. ಕಾಣಿಕೆಯು ಸಂಘಟಕನ ಸ್ವಂತ ಖಾತೆಯ ಮೂಲಕ ಹಾಯದೆ ನೇರವಾಗಿ ಸಂಸ್ಥೆಯನ್ನು ಸೇರಿ, ದಾನಿಗೆ ರಸೀದಿ ದೊರೆಯಬೇಕು. ಕೂಡಿದ ಮೊತ್ತ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿರಬೇಕು. ಮುಗಿದ ಮೇಲೆ ಲೆಕ್ಕ ಊರ ಮುಂದಿರಬೇಕು. ಪ್ರವೇಶಧನ ಪಡೆದು ಗೆದ್ದವರಿಗೆ ಹಣ ಹಂಚುವ ಆಸೆ ಸಲ್ಲದು. ಹಣ ಕಟ್ಟಿ ಹಣ ಗೆಲ್ಲುವ ಅಂತರ್ಜಾಲ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಯಂತ್ರದ ನೆರವು ಪಡೆದು ಆಡುವುದಾದರೆ ಅದನ್ನೂ ಮೊದಲೇ ಹೇಳಿಬಿಡಬೇಕು. ಬೆಂಗಳೂರಿನ ಆ ಉದ್ಯಮಿ ಆಟಕ್ಕೆ ಮುನ್ನ ಅಷ್ಟು ಹೇಳಿದ್ದರೆ ಅದು ಮೋಸವಾಗುತ್ತಿರಲಿಲ್ಲ, ಒಂದು ಸೊಗಸಾದ ಪ್ರದರ್ಶನವಾಗುತ್ತಿತ್ತು. ಮರುದಿನ ಆಡಿದ ಮಾತನ್ನು ಹಿಂದಿನ ದಿನವೇ ಆಡಿದ್ದರೆ ಸಾಕಾಗಿತ್ತು.

ಕಾಣಿಕೆ ಕೊಡುವವನು ಆಡುವವನ ಕೈಯನ್ನು ಕಾಣಲಾರ; ಹಣ ಸೇರುವ ಮನೆಯನ್ನೂ ಕಾಣಲಾರ. ತಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಹಿಂದೆ ಬರುತ್ತೇನೆಂದು ಮಾತು ಕೊಟ್ಟವರು ಬರಲೇಬೇಕು. ಪ್ರಾಮಾಣಿಕವಾಗಿ ಸೋತ ಆಟದಿಂದ ಹತ್ತು ರೂಪಾಯಿ ಬಂದರೂ ಅದು ಲಕ್ಕಮ್ಮನವರು ಒಪ್ಪುವ ಅಕ್ಕಿ. ಅಂಥ ಆಟವನ್ನು ದಾಸೋಹವೆನ್ನಲು ಹಿರಿಯರೂ ಹಿಂಜರಿಯಬೇಕಾಗಿಲ್ಲ.