ಜಠರವೂ ಅದರ ಒಡೆಯನೂ

ಮನುಷ್ಯದೇಹವನ್ನು ಅರಿಯುವುದಕ್ಕೆ ಎರಡು ಶಾಸ್ತ್ರಗಳುಂಟು. ಯಾವ ಅಂಗವು ಎಲ್ಲಿದೆ, ಅದರ ಆಕಾರವೇನು ಎಂಬುದನ್ನು ಅಂಗರಚನಾಶಾಸ್ತ್ರವು ತಿಳಿಸುತ್ತದೆ. ಆ ಅಂಗವು ತನ್ನ ಕಾರ್ಯವನ್ನು ಹೇಗೆ ನಡೆಸುತ್ತದೆಂಬುದನ್ನು ಅಂಗಕ್ರಿಯಾಶಾಸ್ತ್ರವು ತಿಳಿಸುತ್ತದೆ. ಮೊದಲನೆಯದನ್ನು ಶವವೂ ಕಲಿಸಬಲ್ಲುದು. ಎರಡನೆಯದಕ್ಕೆ ಜೀವಂತ ದೇಹವೇ ಬೇಕು. ಜೀವಂತ ದೇಹಕ್ಕಾದರೋ ಒಬ್ಬ ಒಡೆಯನಿರುತ್ತಾನೆ.

ಉಂಡ ಅನ್ನವು ಹೊಟ್ಟೆಯಲ್ಲಿ ಏನಾಗುತ್ತದೆ? ಜಠರಾಗ್ನಿಯು ಅದನ್ನು ಪಚನಮಾಡುವುದೆಂದು ಭಾರತದ ವೈದ್ಯರು ಹೇಳಿದರು. ಯೂರೋಪಿನ ಪಂಡಿತರಲ್ಲಿ ಅದು ಅರೆಯಲ್ಪಡುವುದೆಂದು ಕೆಲವರೂ, ಹುಳಿಯುವುದೆಂದು ಕೆಲವರೂ ವಾದಿಸಿದರು. ಈ ವಾದವು ತೀರಲು ನೆರವಾದವನು ಪಂಡಿತನಲ್ಲ. ತುಪ್ಪಟದ ತೊಗಲಿನ ವ್ಯಾಪಾರದಲ್ಲಿ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯಾಳು.

1822ನೆಯ ಜೂನ್ 6ರಂದು, ಹ್ಯೂರನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿ, ಆಕಸ್ಮಿಕವಾಗಿ ಹಾರಿದ ಬಂದೂಕಿನ ಗುಂಡು ಅವನ ಎಡಪಕ್ಕೆಯನ್ನು ಭೇದಿಸಿತು. ಅಮೆರಿಕಾ ಸೈನ್ಯದ ವೈದ್ಯನಾದ ವಿಲಿಯಂ ಬೋಮಾಂಟನ ಶುಶ್ರೂಷೆಯಿಂದ ಅವನು ಬದುಕಿದನು. ಆದರೆ ಜಠರದವರೆಗೆ ಆದ ರಂಧ್ರವು ಮುಚ್ಚಲಿಲ್ಲ. 1825ರಿಂದ ವೈದ್ಯನು ಮಾಂಸ, ರೊಟ್ಟಿ, ಕೋಸುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದಲ್ಲಿ ಇಳಿಬಿಟ್ಟು, ಆಗಾಗ ಹೊರಗೆಳೆದು ಪರೀಕ್ಷಿಸಿದನು. ಜಠರರಸವನ್ನು ಸೀಸೆಯಲ್ಲಿ ತುಂಬಿ ದೇಹದಷ್ಟೇ ಬೆಚ್ಚಗಿರಿಸಲು, ಅಲ್ಲಿಯೂ ಅದು ಮಾಂಸವನ್ನು ಕರಗಿಸಿತು. ಪಚನವು ಬೆಂಕಿಯ ಕೆಲಸವಲ್ಲ, ಬರಿಯ ಅರೆತವೂ ಅಲ್ಲ. ರಸವು ನಡೆಸುವ ರಾಸಾಯನಿಕ ಕ್ರಿಯೆಯೆಂದು ಇದರಿಂದ ಸ್ಪಷ್ಟವಾಯಿತು. ಆ ರಸದ ಹೈಡ್ರೋಕ್ಲೋರಿಕ್ ಆಮ್ಲವನ್ನು ಪ್ರೌಟನು 1824ರಲ್ಲಿಯೂ, ಪೆಪ್ಸಿನ್ ಎಂಬ ದ್ರವ್ಯವನ್ನು ಶ್ವಾನನು 1836ರಲ್ಲಿಯೂ ಗುರುತಿಸಿದರು.

1833ರಲ್ಲಿ ಪ್ರಕಟವಾದ ಬೋಮಾಂಟನ ಗ್ರಂಥದಲ್ಲಿ ಮತ್ತೊಂದು ಮಾತುಂಟು: ಸಿಟ್ಟು ಬಂದಾಗ ಜಠರದ ಸ್ಥಿತಿಯು ಕೆಟ್ಟು ಪಚನಕ್ಕೆ ಅಡ್ಡಿಯಾಗುತ್ತದೆ. ಆ ಸಿಟ್ಟು ಯಾರದು? ಓದುಬರಹವಿಲ್ಲದೆ ಕರಾರುಪತ್ರಕ್ಕೆ ಗುರುತುಹಾಕಿ, ವರ್ಷದ ಕೂಲಿಗಾಗಿ ತನ್ನ ಹೊಟ್ಟೆಯನ್ನೇ ಒತ್ತೆಯಿಟ್ಟವನದು. ಶಾಸ್ತ್ರಕ್ಕೆ ಅದೊಂದು ಲಕ್ಷಣ. ಅವನಿಗೆ ಅದೇ ಬಾಳು. ಜಠರವನ್ನು ಮನಸ್ಸಿನಿಂದ ಬೇರ್ಪಡಿಸಲಾಗದೆಂದು ಕಂಡವನೇ ಆ ಮನಸ್ಸಿನ ಇಚ್ಛೆಯನ್ನು ಎಷ್ಟು ಗಣಿಸಿದನು?

1834ರಲ್ಲಿ ಊರಿಗೆ ಹೋದವನು ಮರಳಿ ಬರಲಿಲ್ಲ. ವೈದ್ಯನು ಪತ್ರದ ಮೇಲೆ ಪತ್ರ ಬರೆಯಿಸಿ ಕರೆದರೂ ಬರಲಿಲ್ಲ. ವೈದ್ಯನು 1853ರಲ್ಲಿ ತೀರಿಕೊಂಡನು; ರೋಗಿಯು 1880ರವರೆಗೆ ಬದುಕಿದ್ದನು. ಅವನು ಸತ್ತಾಗ, ಯಾರೂ ಕೊಯ್ದು ನೋಡಬಾರದೆಂದು ಮನೆಯವರು ಶವವು ಕೊಳೆಯುವವರೆಗೆ ಇಟ್ಟುಕೊಂಡು, ಅನಂತರ ಆಳವಾಗಿ ಹೂಳಿದರು.

ಪಚನದ ಪಾಠವನ್ನು ಓದುವ ಬಾಲಕರು ಜಠರದ ಚಿತ್ರವನ್ನು ಬರೆಯುತ್ತಾರೆ. ಚಿತ್ರದಲ್ಲಿ ರಸವಾಹಿನಿಗಳಿಗೂ ಮಡಿಕೆಗಳಿಗೂ ಹೆಸರುಗಳಿರುತ್ತವೆ, ಒಡೆಯನ ಹೆಸರಿರುವುದಿಲ್ಲ. ಅದನ್ನೂ ಒಮ್ಮೆ ಹೇಳಿಕೊಡುವುದು ಗುರುಗಳ ಕರ್ತವ್ಯವಾಗಿದೆ.