ಪಟ್ಟಿಯಲ್ಲಿ ಇಲ್ಲದ ಮಲ್ಲಿಗೆ

ಹೋದ ವರ್ಷ ಮಾರ್ಚ್‌ನಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಲೀಡ್ಸ್ ಊರಿಗೆ ಹೊರಟಾಗ, ಪಕ್ಕದ ಮನೆಯವರ ಕೈಗೆ ಬೀಗದ ಕೈಯ ಜೊತೆ ಒಂದು ಪಟ್ಟಿಯನ್ನೂ ಕೊಟ್ಟೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು ನಾನು, ಪಟ್ಟಿ ಬರೆಯದೆ ಊರು ಬಿಡುವ ಅಭ್ಯಾಸವಿಲ್ಲ. ಹಾಲು ಬೇಡವೆನ್ನುವುದು, ಪೇಪರ್ ನಿಲ್ಲಿಸುವುದು, ಕರೆಂಟ್ ಬಿಲ್ಲು ಕಟ್ಟುವುದು, ಗುಬ್ಬಿಗಳ ಬಟ್ಟಲಿಗೆ ನೀರು ಹಾಕುವುದು, ಹೀಗೆ ಒಟ್ಟು 11 ಬಾಬತ್ತು. ಎರಡು ಸಲ ಓದಿ, ಕೆಳಗೆ ಗೆರೆ ಎಳೆದು, ಸಹಿ ಕೂಡ ಹಾಕಿದ್ದೆ. ಯಾವುದೂ ಬಿಟ್ಟಿಲ್ಲವೆಂದು ಧೈರ್ಯವಾಗಿ ವಿಮಾನ ಹತ್ತಿದೆ.

ಲೀಡ್ಸ್‌ನಲ್ಲಿ ಆಗ ಚಳಿಯೇ ಚಳಿ. ಏಪ್ರಿಲ್ ಕಳೆದು ಮೇ ಬಂದಾಗ ಮಗಳ ಮನೆಯ ಹಿತ್ತಲ ಬೇಲಿಯ ಮೇಲೆ ಬಳ್ಳಿಯೊಂದು ಅಂಗೈಯಗಲ ಹೂ ಬಿಟ್ಟಿತು. ತೆಳು ಗುಲಾಬಿ ಬಣ್ಣ, ಒಂದೊಂದು ಎಸಳಿನ ನಡುವೆಯೂ ಗಾಢ ಗುಲಾಬಿ ಪಟ್ಟೆ. ಹತ್ತು ವರ್ಷದ ಮೊಮ್ಮಗಳು, "ತಾತಾ, ಇದು ಕ್ಲೆಮ್ಯಾಟಿಸ್. ಇದರ ಹೆಸರು ನೆಲ್ಲಿ ಮೋಸರ್" ಎಂದಳು. ಹೂವಿಗೂ ಮನುಷ್ಯರ ಹಾಗೆ ಹೆಸರು, ಅಡ್ಡಹೆಸರು! ಅದು 1897ರಲ್ಲಿ ಫ್ರಾನ್ಸ್‌ನಲ್ಲಿ ಬೆಳೆಸಿದ ತಳಿ. ಪಕ್ಕದ ಮನೆಯವರ ಗೋಡೆಯ ಮೇಲೆ ಇನ್ನೊಂದು ಬಗೆ ಇತ್ತು, ನಾಲ್ಕೇ ಎಸಳಿನ ಸಣ್ಣ ಹೂಗಳು ಸಾವಿರಗಟ್ಟಲೆ ಬಿಟ್ಟಿದ್ದವು. ಅದು ಮೊಂಟಾನಾ, ಮೂಲದಲ್ಲಿ ಹಿಮಾಲಯದ ಬಳ್ಳಿ. ನನ್ನ ಹಾಗೆಯೇ ಅಲ್ಲಿಗೆ ಹೋಗಿ ಕೂತಿದೆ ಎಂದುಕೊಂಡೆ.

ದಿನವೂ ಚಹಾ ಲೋಟ ಹಿಡಿದು ಆ ಬೇಲಿಯ ಮುಂದೆ ನಿಲ್ಲುತ್ತಿದ್ದೆ. ಮೊಮ್ಮಗಳು ಪಾಠ ಹೇಳುತ್ತಿದ್ದಳು. ಕ್ಲೆಮ್ಯಾಟಿಸ್‌ನಲ್ಲಿ ಸುಮಾರು 300 ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಸಣ್ಣ ಬಿಳಿ ಹೂವಿನ ಒಂದು ಜಾತಿ ಇದೆ. ನಾವು ಎಸಳು ಎನ್ನುವುದು ನಿಜವಾಗಿ ಎಸಳಲ್ಲ, ಬಣ್ಣ ಬಂದ ಪುಷ್ಪಪತ್ರ, ಅಂದರೆ ಮೊಗ್ಗಿನ ಹೊರಕವಚ. ಬಳ್ಳಿಗೆ ಬೇರೆ ಕೊಂಡಿ ಇಲ್ಲ, ಎಲೆಯ ತೊಟ್ಟನ್ನೇ ಸುತ್ತಿಕೊಂಡು ಮೇಲೇರುತ್ತದೆ. ಅಲ್ಲಿನ ತೋಟದವರು ಇದಕ್ಕೆ ಒಂದು ನಿಯಮ ಹೇಳುತ್ತಾರೆ: ತಲೆಗೆ ಬಿಸಿಲು, ಬುಡಕ್ಕೆ ನೆರಳು. ಅದಕ್ಕೆ ಬುಡದ ಮೇಲೆ ಚಪ್ಪಟೆ ಕಲ್ಲು ಹಾಸುತ್ತಾರೆ.

ಜೂನ್ ಎರಡನೆಯ ವಾರ ತೋರಣಗಲ್ಲಿಗೆ ವಾಪಸು ಬಂದೆ. ಗೇಟು ತೆಗೆದೆ. ಪಟ್ಟಿಯ 11 ಬಾಬತ್ತೂ ಸರಿಯಾಗಿ ನಡೆದಿದ್ದವು. ಪಕ್ಕದ ಮನೆಯವರು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದರು. ಬಲಕ್ಕೆ ತಿರುಗಿದರೆ ಚಪ್ಪರದ ಮೇಲಿನ ಮಲ್ಲಿಗೆ ಬಳ್ಳಿ ಒಣಗಿ ಕಡ್ಡಿಯಾಗಿತ್ತು.

ಅದು ನನ್ನ ಹೆಂಡತಿ ನೆಟ್ಟದ್ದು. ನಾವು ಈ ಮನೆಗೆ ಬಂದ ವರ್ಷ, ಹೂವಿನಹಡಗಲಿಯ ನೆಂಟರ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ. ಹಡಗಲಿ ಮಲ್ಲಿಗೆ ಗೊತ್ತಲ್ಲ? ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಅದಕ್ಕೂ ಭೌಗೋಳಿಕ ಸೂಚಕ ಸಿಕ್ಕಿದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಡಗು ತುಂಬ ಹೂ ಹಂಪಿಗೆ ಹೋಗುತ್ತಿತ್ತು, ಅದಕ್ಕೇ ಊರಿಗೆ ಆ ಹೆಸರು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. 1443ರಲ್ಲಿ ಹಂಪಿಗೆ ಬಂದ ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನಕ್ಕೆ ಊಟದಷ್ಟೇ ಹೂವೂ ಬೇಕು ಎಂಬಂತೆ ಬರೆದಿಟ್ಟಿದ್ದಾನೆ. ಅವನು ಕಂಡದ್ದು ಗುಲಾಬಿ. ನನ್ನ ಹೆಂಡತಿಯನ್ನು ಕಂಡಿದ್ದರೆ ಮಲ್ಲಿಗೆ ಎಂದು ತಿದ್ದುತ್ತಿದ್ದ.

ಅವಳು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಆ ಮೂರು ವರ್ಷ ನಾನು ಆ ಬಳ್ಳಿಗೆ ಒಂದು ಚೊಂಬು ನೀರು ಹಾಕಿದವನಲ್ಲ. ಆದರೂ ಅದು ಹೂ ಬಿಡುತ್ತಲೇ ಇತ್ತು. ಹೇಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಒಣಗಿದ ಬುಡದ ಹತ್ತಿರ ಕೂತು ನೋಡಿದಾಗ ಗೊತ್ತಾಯಿತು. ಬಚ್ಚಲಿನ ತೂಬಿನಿಂದ ಒಂದು ಗೇಣು ಅಗಲದ ಕಾಲುವೆ. ಆಮೇಲೆ ಮರಳು, ಜಲ್ಲಿ ತುಂಬಿದ ಸಣ್ಣ ಗುಂಡಿ, ಅದರಲ್ಲಿ ನಾಲ್ಕು ಕಾಬಾಳೆ ಗಿಡ. ಸೋಪಿನ ನೀರು ಅಲ್ಲಿ ಸೋಸಿ ಮಲ್ಲಿಗೆಯ ಬುಡಕ್ಕೆ ಹೋಗುವಂತೆ ಮಾಡಿದ್ದಳು. ನಾನು ದಿನಾ ಸ್ನಾನ ಮಾಡಿದರೆ ಬಳ್ಳಿಯೂ ನೀರು ಕುಡಿಯುತ್ತಿತ್ತು. ಮನೆಗೆ ಬೀಗ ಬಿತ್ತು, ಸ್ನಾನ ನಿಂತಿತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ನಮ್ಮದು. ಅದು ಒಣಗುತ್ತಿದ್ದಾಗ ನಾನು ಚಹಾ ಕುಡಿಯುತ್ತಾ ನೆಲ್ಲಿ ಮೋಸರ್ ನೋಡುತ್ತಿದ್ದೆ.

ಈ ಮಾತನ್ನು ಮಗಳಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಅವಳು ಸುಮ್ಮನಿದ್ದಳು. ಮೊಮ್ಮಗಳೇ ಫೋನು ಕಸಿದುಕೊಂಡು, "ತಾತಾ, ಬೇರೆ ಬಳ್ಳಿ ಹಾಕೋಣ. ನಾನೂ ನೀನೂ ಸೇರಿ ಆರಿಸೋಣ. ಕ್ಲೆಮ್ಯಾಟಿಸ್ ಹಾಕು" ಎಂದಳು. ಅದಕ್ಕೆ ಚಳಿಗಾಲದ ಕೊರೆತ ಬೇಕು, ಬುಡ ತಂಪಿರಬೇಕು, ನಮ್ಮಲ್ಲಿ ಚಪ್ಪಡಿ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ ಎಂದೆ. "ಹಾಗಾದರೆ ಮಾರ್ಕ್ಸ್ ಹಾಕೋಣ" ಎಂದಳು. ಬಿಸಿಲು ತಡೆಯುತ್ತದೆಯೇ, ಎಷ್ಟು ನೀರು ಬೇಕು, ಲಾರಿಗಳ ಕೆಂಪು ಧೂಳಿಗೆ ಜಗ್ಗುತ್ತದೆಯೇ, ವಾಸನೆ ಇದೆಯೇ. ನಾಲ್ಕು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. ಹಳೆಯ ಲೆಡ್ಜರ್ ಪುಸ್ತಕದಲ್ಲಿ ಕಲಂ ಎಳೆದೆ.

ರಸ್ತೆ ಬದಿಯ ಕಾಂಪೌಂಡಿಗೆ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ ಗೆದ್ದಿತು. ಬಿಸಿಲಿಗೆ ಹತ್ತು, ಧೂಳಿಗೆ ಹತ್ತು, ವಾಸನೆಗೆ ಸೊನ್ನೆ. ನೀರು ಕಡಿಮೆಯಾದಷ್ಟೂ ಹೆಚ್ಚು ಹೂ ಬಿಡುವ ವಿಚಿತ್ರ ಗಿಡ ಅದು. ಅದರಲ್ಲೂ ಬಣ್ಣದ್ದು ಹೂವಲ್ಲ, ಎಲೆ. ಒಳಗಿರುವ ಸಣ್ಣ ಬಿಳಿಯ ಕೊಳವೆಯೇ ಹೂ. "ಕ್ಲೆಮ್ಯಾಟಿಸ್ ಹಂಗೇ ಮೋಸ ಮಾಡುತ್ತೆ!" ಎಂದು ಮೊಮ್ಮಗಳು ನಕ್ಕಳು. ಒಂದೇ ಗಿಡದಲ್ಲಿ ಬಿಳಿ, ಗುಲಾಬಿ ಎರಡೂ ಬಿಡುವ ಮೇರಿ ಪಾಮರ್ ತಳಿಯನ್ನು ಹೊಸಪೇಟೆಯ ನರ್ಸರಿಯಿಂದ ತಂದೆ.

ಗೇಟಿನ ಕಮಾನಿಗೆ ರಂಗೂನ್ ಮಲ್ಲಿಗೆ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಕೊನೆಗೆ ಕೆಂಪಾಗುತ್ತದೆ. ಬಿಳಿ ಇರುವಾಗ ರಾತ್ರಿಯ ಪತಂಗಗಳು ಬರುತ್ತವೆ, ಕೆಂಪೇರಿದ ಮೇಲೆ ಹಗಲಿನ ಚಿಟ್ಟೆಗಳು. ಇದರ ಹಳೆಯ ಲ್ಯಾಟಿನ್ ಹೆಸರು ಕ್ವಿಸ್ಕ್ವಾಲಿಸ್. ಅದರ ಅರ್ಥ 'ಯಾರು? ಎಂಥದು?' ಎಂದು. ಹೆಸರಿಟ್ಟವರಿಗೇ ತಬ್ಬಿಬ್ಬಾಗಿರಬೇಕು!

ಕಿಟಕಿಗೆ ನೀಲಿ ಶಂಖಪುಷ್ಪ. ಬೀಜ ಬಿತ್ತಿದರೆ ಸಾಕು. ಇದು ಬೇಳೆಕಾಳಿನ ಕುಲದ್ದು, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಟ್ಟು ಮಣ್ಣಿಗೆ ಕೊಡುತ್ತದೆ. ಮಕ್ಕಳೇ, ನಾಲ್ಕು ಹೂವನ್ನು ಬಿಸಿನೀರಿಗೆ ಹಾಕಿ, ನೀರು ನೀಲಿಯಾಗುತ್ತದೆ. ಆಮೇಲೆ ನಿಂಬೆರಸ ಹಿಂಡಿ, ನೇರಳೆಯಾಗುತ್ತದೆ. ಬಿಸಿನೀರನ್ನು ಮಾತ್ರ ದೊಡ್ಡವರ ಕೈಯಲ್ಲಿ ಹಾಕಿಸಿ.

ಚಪ್ಪರದ ಕಲಂ ಖಾಲಿ ಉಳಿಯಿತು. ಮೊಮ್ಮಗಳು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ.

ಆಷಾಢದ ಒಂದು ಶುಕ್ರವಾರ ಹೆಂಡತಿಯ ಫೋಟೋಕ್ಕೆ ಹಾಕಲು ಹೂ ಬೇಕಾಯಿತು. ಆಂಜನೇಯನ ಗುಡಿಯ ಮುಂದೆ ಹೂ ಮಾರುವ ಹೆಂಗಸಿನ ಹತ್ತಿರ ಒಂದು ಮೊಳ ಮಲ್ಲಿಗೆ ಕೇಳಿದೆ. ಈ ಮನೆಗೆ ಬಂದ ಮೇಲೆ ದುಡ್ಡು ಕೊಟ್ಟು ಮಲ್ಲಿಗೆ ಕೊಂಡದ್ದು ಅದೇ ಮೊದಲು. ಆಕೆ ಎರಡು ಮೊಳ ಅಳೆದು ಎಲೆಯಲ್ಲಿ ಕಟ್ಟಿದಳು, ದುಡ್ಡು ಮುಟ್ಟಲಿಲ್ಲ.

"ನಿಮ್ಮ ಹತ್ರ ಹೆಂಗ್ ತಗಳ್ಳಿ ಸಾರ್? ಇದು ನಿಮ್ಮ ಮನೆ ಬಳ್ಳೀದೇ ಹೂವು. ಅಮ್ಮಾರು ಕಡ್ಡಿ ಕೊಟ್ಟಿದ್ರು. ನಮ್ಮ ಮನೆ ಹಿಂದ ಈಗ ಆರು ಬಳ್ಳಿ ಆಗ್ಯಾವ."

ಹೆಂಡತಿ ಕಂಡಕಂಡವರಿಗೆಲ್ಲ ಕಡ್ಡಿ ಕತ್ತರಿಸಿ ಕೊಡುತ್ತಿದ್ದಳು. "ಹೀಗೆ ಹಂಚಿದರೆ ನಮಗೇನು ಉಳಿಯುತ್ತದೆ?" ಎಂದು ನಾನು ಗೊಣಗುತ್ತಿದ್ದೆ. ಜೀವನವೆಲ್ಲ ಬೇರೆಯವರ ಠೇವಣಿ ಎಣಿಸಿದವನಿಗೆ ಅವಳ ಲೆಕ್ಕ ಅರ್ಥವಾಗಿರಲಿಲ್ಲ.

ಮರುದಿನ ಆಕೆಯ ಮನೆಗೆ ಹೋದೆ. ಬಲಿತ ಕೊಂಬೆಯಿಂದ ಗೇಣುದ್ದದ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮಳೆಗಾಲವಾದ್ದರಿಂದ ಎರಡು ಬೇರು ಬಿಟ್ಟವು. ಬುಡಕ್ಕೆ ಎರಡು ಚಪ್ಪಟೆ ಕಲ್ಲು ಇಟ್ಟಿದ್ದೇನೆ, ಅದು ಲೀಡ್ಸ್‌ನಿಂದ ತಂದ ಪಾಠ. ಕಾಲುವೆಯ ಕಸ ತೆಗೆದಿದ್ದೇನೆ. ಗುಂಡಿಯ ಕಾಬಾಳೆಯ ಗೆಡ್ಡೆಗಳು ಮಳೆಗೆ ತಾವೇ ಚಿಗುರಿದವು. ಈಗ ಬಳ್ಳಿ ನನ್ನ ಮೊಣಕಾಲೆತ್ತರ ಇದೆ, ಇನ್ನೂ ಹೂ ಬಂದಿಲ್ಲ. ವಾಸನೆಗೆ ಎಷ್ಟು ಅಂಕ ಎಂದು ಮೊಮ್ಮಗಳು ಕೇಳುತ್ತಾಳೆ. ಕಾಯಬೇಕು ಎನ್ನುತ್ತೇನೆ.

ಮುಂದಿನ ತಿಂಗಳು ಬೆಂಗಳೂರಿಗೆ ಹತ್ತು ದಿನ ಹೋಗಬೇಕಿದೆ. ಪಟ್ಟಿ ಬರೆದಾಗಿದೆ. ಈ ಸಲ ಮೊದಲನೆಯ ಬಾಬತ್ತು: ಬಚ್ಚಲಿನಲ್ಲಿ ದಿನಕ್ಕೆ ಎರಡು ಬಕೆಟ್ ನೀರು ಸುರಿಯುವುದು.

ಮಕ್ಕಳೇ, ನಾಳೆ ಬೆಳಿಗ್ಗೆ ಸ್ನಾನವಾದ ಮೇಲೆ ನಿಮ್ಮ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಹಿಂದೆ ಹೋಗಿ ನೋಡಿ. ಅಲ್ಲಿ ಗಿಡವೇನಾದರೂ ಇದ್ದರೆ, ಅದನ್ನು ಯಾರು ನೆಟ್ಟರು ಎಂದು ಅಜ್ಜಿಯನ್ನು ಕೇಳಿ.